ತೌಡಿನೆಣ್ಣೆ, ನಿಕಲ್, ಹೈಡ್ರೋಜನ್

ಮಿಲ್ಲಿನಿಂದ ಹೊರಬಿದ್ದ ತೌಡು

ಆನೆಗೊಂದಿಯ ಗದ್ದೆಗಳಿಗೆ ವಿಜಯನಗರ ಕಾಲದ ಕಾಲುವೆಗಳ ನೀರು, ಗಂಗಾವತಿ, ಕಾರಟಗಿಯ ಬಯಲಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಭತ್ತ ಮಾತ್ರ ಬಂದು ಸೇರುವುದು ಸುತ್ತಲಿನ ರೈಸ್‌ಮಿಲ್ಲುಗಳಿಗೇ. ಅಕ್ಕಿಗೆ ಪಾಲಿಶ್ ಕೊಡುವಾಗ ಉದುರುವ ತೌಡಿನಲ್ಲಿ ಸುಮಾರು ಶೇ. 15ರಿಂದ 20ರಷ್ಟು ಎಣ್ಣೆಯಿದೆ. ಆದರೆ ಉದುರಿದ ಗಳಿಗೆಯಿಂದಲೇ ಲೈಪೇಸ್ ಎಂಬ ಕಿಣ್ವ ಆ ಎಣ್ಣೆಯನ್ನು ಒಡೆದು ಕೊಬ್ಬಿನಾಮ್ಲ ಮಾಡತೊಡಗುತ್ತದೆ. ಬೇಗನೆ ಹೆಕ್ಸೇನ್ ಎಂಬ ದ್ರಾವಕ ಹಾಯಿಸಿ ಎಣ್ಣೆ ತೆಗೆಯಬೇಕು, ಇಲ್ಲವೇ ತೌಡನ್ನು ಬಿಸಿ ಮಾಡಿ ಕಿಣ್ವದ ಆಟ ನಿಲ್ಲಿಸಬೇಕು. ತಡವಾದರೆ ಆ ಎಣ್ಣೆ ಸಾಬೂನಿಗೇ ಸರಿ. ಬೇಯಿಸಿದ ಭತ್ತದ ತೌಡು ಅಷ್ಟು ಬೇಗ ಕೆಡುವುದಿಲ್ಲ.

ಎಣ್ಣೆ ಗಟ್ಟಿಯಾಗುವ ಬಗೆ

ಎಣ್ಣೆಯ ಅಣುವಿನಲ್ಲಿರುವ ಇಂಗಾಲದ ಜೋಡಿಬಂಧಗಳಿಗೆ ಹೈಡ್ರೋಜನ್ ಸೇರಿದರೆ ಎಣ್ಣೆ ಗಟ್ಟಿಯಾಗುತ್ತದೆ. ಸುಮ್ಮನೆ ಬೆರೆಸಿದರೆ ಸೇರದು. ಹೈಡ್ರೋಜನ್ ಅಣುವನ್ನು ತನ್ನ ಮೈಮೇಲೆ ಸೀಳಿ ಕೊಡುವ ಲೋಹ ಬೇಕು. ನಿಕಲ್‌ನಿಂದ ಅದು ಸಾಧ್ಯವೆಂದು ಫ್ರಾನ್ಸಿನ ಪಾಲ್ ಸಬಾಟಿಯೆ 1897ರಲ್ಲಿ ತೋರಿಸಿ, 1912ರಲ್ಲಿ ನೊಬೆಲ್ ಪಡೆದರು. ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1901ರಲ್ಲಿ ಅದನ್ನು ದ್ರವರೂಪದ ಎಣ್ಣೆಗೂ ಹೊಂದಿಸಿದರು. 1937ರಲ್ಲಿ ಡಾಲ್ಡಾ ಎಂಬ ವನಸ್ಪತಿ, ಅಂದರೆ ಹೀಗೆ ಗಟ್ಟಿ ಮಾಡಿದ ಎಣ್ಣೆ, ನಮ್ಮ ಅಡುಗೆಮನೆಗೆ ಬಂತು. ಕೊಬ್ಬಿನಾಮ್ಲ ಹೆಚ್ಚಿದ ತೌಡಿನೆಣ್ಣೆ ನಿಕಲ್‌ಗೆ ಆಗಿಬರದು. ಮೊದಲು ಶುದ್ಧಿ ಮಾಡಲೇಬೇಕು.

ವನಸ್ಪತಿಯನ್ನು ತುಪ್ಪಕ್ಕೆ ಬೆರೆಸುವವರನ್ನು ಹಿಡಿಯಲು ಸರಕಾರ ಮಾಡಿದ ಉಪಾಯ ನನಗೆ ಬಹಳ ಇಷ್ಟ: ವನಸ್ಪತಿಗೆ ಶೇ. 5ರಷ್ಟು ಎಳ್ಳೆಣ್ಣೆ ಕಡ್ಡಾಯ. ಕರಗಿಸಿದ ತುಪ್ಪಕ್ಕೆ ಹೈಡ್ರೋಕ್ಲೋರಿಕ್ ಆಮ್ಲ, ಒಂದೆರಡು ಹನಿ ಫರ್ಫ್ಯೂರಲ್ ಹಾಕಿ ಕುಲುಕಿದಾಗ ಎಳ್ಳೆಣ್ಣೆಯಿಂದಾಗಿ ಆಮ್ಲದ ಪದರ ಕೆಂಪೇರಿದರೆ ಬೆರಕೆ ಬಯಲು.

ಹಂಡೆಯೋ ಕೊಳವೆಯೋ

ವನಸ್ಪತಿ ಕಾರ್ಖಾನೆಯಲ್ಲಿ ಮುಚ್ಚಿದ ದೊಡ್ಡ ಹಂಡೆಗೆ ಎಣ್ಣೆ, ನಿಕಲ್ ಪುಡಿ ಹಾಕಿ, 150–200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೈಡ್ರೋಜನ್ ಊದಿ ಕಲಕುತ್ತಾರೆ. ಅರ್ಧಕ್ಕೆ ನಿಲ್ಲಿಸಿದರೆ ಉಳಿದ ಬಂಧಗಳಲ್ಲಿ ಕೆಲವು ರೂಪ ಬದಲಿಸಿ ಟ್ರಾನ್ಸ್ ಕೊಬ್ಬಾಗುತ್ತವೆ. ಹೃದಯಕ್ಕೆ ಅದು ಕೆಟ್ಟದ್ದೆಂದು 2022ರ ಜನವರಿಯಿಂದ ಭಾರತದಲ್ಲಿ ಎಣ್ಣೆ, ಕೊಬ್ಬುಗಳಲ್ಲಿ ಅದರ ಮಿತಿ ಶೇ. 2.

ಔಷಧ ತಯಾರಿಕೆಯಲ್ಲೂ ಹಲವೆಡೆ ಹೈಡ್ರೋಜನ್ ಬೇಕಾಗುತ್ತದೆ. ಪ್ಯಾರಾಸಿಟಮಾಲ್‌ಗೆ ಬೇಕಾದ ಪ್ಯಾರಾ ಅಮಿನೋಫಿನಾಲನ್ನು ಪ್ಯಾರಾ ನೈಟ್ರೋಫಿನಾಲ್‌ಗೆ ಹೈಡ್ರೋಜನ್ ಸೇರಿಸಿ ಪಡೆಯಬಹುದು. ಇಂಥ ಕಡೆ ಇದ್ದಿಲಿನ ಮೇಲೆ ಕೂರಿಸಿದ ಪಲ್ಲಾಡಿಯಂ ಪುಡಿ ಬಳಸುತ್ತಾರೆ. ಕೆಲಸ ಮುಗಿದು ಸೋಸುವಾಗ ಅದು ಒಣಗಿದರೆ ಗಾಳಿ ತಾಗಿಯೇ ಹೊತ್ತಿಕೊಳ್ಳಬಹುದು.

ಹಂಡೆಯ ಬದಲು ಸತತ ಹರಿವಿನ ವಿಧಾನದಲ್ಲಿ ಲೋಹವನ್ನು ಸಣ್ಣ ಕೊಳವೆಯಲ್ಲಿ ತುಂಬಿಟ್ಟು, ದ್ರಾವಣ ಮತ್ತು ಹೈಡ್ರೋಜನ್ನನ್ನು ಅದರ ಮೂಲಕ ಹಾಯಿಸುತ್ತಾರೆ. ಯಾವ ಕ್ಷಣದಲ್ಲೂ ಒಳಗಿರುವ ಅನಿಲ ಸ್ವಲ್ಪವೇ, ಹುಟ್ಟುವ ಶಾಖ ಬೇಗ ಹೊರಹೋಗುತ್ತದೆ, ಪ್ರತಿ ಸಲ ಪುಡಿ ಸೋಸುವ ಗೊಡವೆಯಿಲ್ಲ. ಆದರೆ ಒಳಗೆ ಹರಳು ಕಟ್ಟಿದರೆ ಹರಿವೇ ನಿಲ್ಲುತ್ತದೆ. ದಿನಕ್ಕೊಂದು ರಾಸಾಯನಿಕ ಮಾಡುವ ಘಟಕಗಳಿಗೆ ಈಗಲೂ ಹಂಡೆಯೇ ಅನುಕೂಲ.