ಒನ್ ಪೀಸ್ ಕೊನೆಯಲ್ಲಿ ಸಿಗೋದು ಚಿನ್ನವಾ, ಚರಿತ್ರೆಯಾ?

ಮೊದಲೇ ಹೇಳಿಬಿಡ್ತೀನಿ, ಇವತ್ತಿನ ಕಂತಿನಲ್ಲಿ ಸ್ಪಾಯ್ಲರ್ ಇದೆ. ನೀವಿನ್ನೂ ಅರ್ಧ ದಾರಿಯಲ್ಲಿದ್ದರೆ ಪಾಸ್ ಮಾಡಿ, ಆಮೇಲೆ ಬನ್ನಿ.

ಕಥೆಗಿಂತ ಮೊದಲು ಒಂದು ನಿಜವಾದ ಗಲ್ಲಿಗೆ ಹೋಗೋಣ. 1730ರ ಜುಲೈ 7, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪ. ಒಲಿವಿಯೆ ಲೆವಾಸೂರ್ ಎಂಬ ಫ್ರೆಂಚ್ ಕಡಲ್ಗಳ್ಳನನ್ನು ನೇಣಿಗೇರಿಸುತ್ತಿದ್ದಾರೆ. ಅವನು ಗುಪ್ತಲಿಪಿಯ ಹಾಳೆಯೊಂದನ್ನು ಜನರತ್ತ ಎಸೆದು, ಅರ್ಥವಾದವರು ನನ್ನ ನಿಧಿ ಹುಡುಕಿಕೊಳ್ಳಲಿ ಅಂದನಂತೆ. ಹಾಳೆಯ ಮಾತು ದಂತಕಥೆ. ಆದರೆ 1721ರಲ್ಲಿ ಅವನೂ ಅವನ ಜೊತೆಗಾರರೂ ಗೋವಾದಿಂದ ಪೋರ್ಚುಗಲ್‌ಗೆ ಹೊರಟಿದ್ದ ಹಡಗನ್ನು ದೋಚಿದ್ದು ಇತಿಹಾಸ. ನಮ್ಮ ಕಾರವಾರದ ಪಕ್ಕದಿಂದಲೇ ಹೊರಟ ಸಂಪತ್ತು ಅದು!

ಈಗ ಗೋಲ್ ಡಿ. ರೋಜರ್ ನೆನಪಾದನಾ? ಸಾಯುವ ಮುನ್ನ ಒಂದೇ ಮಾತಿನಿಂದ ಇಡೀ ಜಗತ್ತನ್ನು ಕಡಲಿಗಿಳಿಸಿದವನು. ಐಚಿರೊ ಓಡಾ ಲೆವಾಸೂರ್‌ನನ್ನು ನೋಡಿಯೇ ಬರೆದರು ಅಂತ ನಾನು ಹೇಳಲ್ಲ. ಆದರೆ ಸಾಯುವವನ ಮಾತಿಗೆ ಇರುವ ಸೆಳೆತ ಎರಡೂ ಕಡೆ ಒಂದೇ.

ಒನ್ ಪೀಸ್ ಶುರುವಾಗಿದ್ದು 1997ರ ಜುಲೈನಲ್ಲಿ. ಐದು ವರ್ಷದಲ್ಲಿ ಮುಗಿಸುವ ಯೋಚನೆ ಓಡಾ ಅವರಿಗಿತ್ತು. ಕೊನೆಯ ಘಟ್ಟ ಶುರುವಾಗಿದ್ದೇ 2022ರಲ್ಲಿ! ಅಷ್ಟು ವರ್ಷ ಓದುಗರು ಸುಮ್ಮನಿರ್ತಾರಾ? ಥಿಯರಿ ಕಟ್ಟಿದರು. ಮೊದಮೊದಲು ಎಲ್ಲರೂ ಹೇಳಿದ್ದು, 'ಜೊತೆಗಾರರೇ ನಿಜವಾದ ನಿಧಿ' ಅಂತ. ಓಡಾ ಅದನ್ನು ತಳ್ಳಿಹಾಕಿದರು, ಒನ್ ಪೀಸ್ ಕೈಗೆ ಸಿಗುವಂಥ ವಸ್ತುವೇ ಅಂದರು.

ಆಮೇಲೆ ದ್ವೀಪದ ಹೆಸರು. ವರ್ಷಗಟ್ಟಲೆ 'ರಾಫ್ಟೆಲ್' ಅಂತಲೇ ಓದಿದೆವು. ಜಪಾನೀ ಬರಹದಲ್ಲಿ ರ, ಲ ಅನ್ನೋ ಭೇದ ಇಲ್ಲ. ಅದು 'ಲಾಫ್ ಟೇಲ್', ನಗೆಯ ಕಥೆ, ಅಂತ 2019ರಲ್ಲಿ ಬಯಲಾಯ್ತು. ಮರುವರ್ಷ 967ನೇ ಅಧ್ಯಾಯದಲ್ಲಿ ರೋಜರ್ ಆ ನಿಧಿ ನೋಡಿ ಬಿದ್ದು ಬಿದ್ದು ನಕ್ಕ.

ನನಗೆ ಹೆಚ್ಚು ಇಷ್ಟವಾದ ಥಿಯರಿ ರೆಡ್ ಲೈನ್‌ದು. ಜಗತ್ತನ್ನು ಸೀಳಿರುವ ಆ ಗೋಡೆಯಂಥ ಭೂಖಂಡ ಒಡೆದರೆ ಕಡಲುಗಳೆಲ್ಲ ಒಂದಾಗ್ತವೆ, ಸಾಂಜಿಯ ಆಲ್ ಬ್ಲೂ ಸಿಗುತ್ತೆ. ಲೂಫಿ ಮೀನುಮನುಷ್ಯರ ದ್ವೀಪವನ್ನು ನಾಶ ಮಾಡ್ತಾನೆ ಅನ್ನೋ ಭವಿಷ್ಯ ನೆನಪಿದೆಯಲ್ವಾ? ಆ ದ್ವೀಪ ಇರೋದೇ ರೆಡ್ ಲೈನ್‌ನ ಕೆಳಗೆ. ಶೂನ್ಯ ಶತಮಾನದಲ್ಲಿ ಕಡಲು 200 ಮೀಟರ್ ಏರಿತು ಅಂತ 2024ರಲ್ಲಿ ವೇಗಾಪಂಕ್ ಹೇಳಿದ ಮೇಲೆ ಈ ಲೆಕ್ಕ ಇನ್ನಷ್ಟು ಗಟ್ಟಿಯಾಯ್ತು.

ಆದರೆ ನನ್ನನ್ನು ಕಾಡೋದು ಒಹಾರಾ. ಹಳೆಯ ಕಲ್ಲಿನ ಬರಹ ಓದಿದ್ದಕ್ಕೇ ಆ ದ್ವೀಪವನ್ನು ಸುಟ್ಟರು. ಅಲ್ಲಿನ ವಿದ್ವಾಂಸರ ಪೈಕಿ ಉಳಿದವಳು ಪುಟ್ಟ ರಾಬಿನ್ ಒಬ್ಬಳೇ. ಪಿಯುಸಿಯಲ್ಲಿ ಆ ಭಾಗ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿಯ ತನಕ ಚರಿತ್ರೆ ಅಂದ್ರೆ ನನಗೆ ಇಸವಿ ಬಾಯಿಪಾಠ. ಅದನ್ನು ಅಳಿಸೋಕೆ ಯಾರಾದರೂ ಕೊಲ್ಲಬಹುದು ಅಂತ ಅವತ್ತು ಗೊತ್ತಾಯ್ತು.

ಅದಕ್ಕೇ ನನ್ನ ಥಿಯರಿ ಇಷ್ಟು: ಲಾಫ್ ಟೇಲ್‌ನಲ್ಲಿ ಏನೇ ಸಿಗಲಿ, ಅದರ ಜೊತೆ ಅಳಿಸಿಹೋದ ಆ ನೂರು ವರ್ಷಗಳ ಕಥೆಯೂ ಸಿಗುತ್ತೆ. ರೋಜರ್‌ಗೂ ಆ ಕಥೆ ಗೊತ್ತಾಗಿತ್ತು. ಗೊತ್ತಾದರೂ ಅವನಿಂದ ಏನೂ ಮಾಡೋಕೆ ಆಗಲಿಲ್ಲ, ಅವನು ತುಂಬಾ ಬೇಗ ಬಂದುಬಿಟ್ಟಿದ್ದ. ಲೂಫಿ ಕಥೆಯ ಕೊನೆ ನಿಂತಿರೋದು ನಿಧಿ ಸಿಗುತ್ತಾ ಅನ್ನೋದರ ಮೇಲಲ್ಲ, ಸತ್ಯ ಸಿಕ್ಕ ಮೇಲೆ ಏನು ಮಾಡ್ತಾನೆ ಅನ್ನೋದರ ಮೇಲೆ.

ಇದು ಬರೀ ಕಾಮಿಕ್ಸ್ ಅಂತೀರಾ? 2025ರಲ್ಲಿ ಇಂಡೋನೇಷ್ಯಾದಲ್ಲೂ ನೇಪಾಳದಲ್ಲೂ ಯುವಕರು ಬೀದಿಗಿಳಿದಾಗ ಅವರ ಕೈಯಲ್ಲಿ ಇದ್ದದ್ದು ಹುಲ್ಲು ಟೋಪಿಯ ಇದೇ ತಲೆಬುರುಡೆ ಬಾವುಟ. ಅವರೆಲ್ಲ ಈ ಕೊನೆಗೆ ಕಾಯ್ತಿದ್ದಾರೆ. ನಾನೂ ಕಾಯ್ತಿದ್ದೀನಿ. ನಿಮ್ಮ ಥಿಯರಿ ಏನು?