ಕಣ್ಣಿನ ರಾಸಾಯನಿಕ ಸುಟ್ಟಗಾಯಗಳ ಶಸ್ತ್ರಚಿಕಿತ್ಸೆ

ಕ್ಷಾರ ಅಥವಾ ಆಮ್ಲ ತಗುಲಿ ಹಾನಿಗೊಂಡ ಕಣ್ಣಿನ ಮೇಲ್ಮೈಯನ್ನು ಉಳಿಸಲು ಹಾಗೂ ಮರಳಿ ರೂಪಿಸಲು ನಡೆಸುವ ಚಿಕಿತ್ಸೆಗಳನ್ನು ಒಟ್ಟಾಗಿ ಕಣ್ಣಿನ ರಾಸಾಯನಿಕ ಸುಟ್ಟಗಾಯಗಳ ಶಸ್ತ್ರಚಿಕಿತ್ಸೆ ಎನ್ನುತ್ತಾರೆ. ಭಾರತದಲ್ಲಿ ಮಕ್ಕಳಿಗೆ ಇಂಥ ಗಾಯವಾಗಲು ಒಂದು ಮುಖ್ಯ ಕಾರಣ ಎಲೆ ಅಡಿಕೆ ಮತ್ತು ತಂಬಾಕಿನೊಡನೆ ಬಳಸುವ ಸುಣ್ಣ. ಸುಣ್ಣದ ಪೊಟ್ಟಣವನ್ನು ಹಿಸುಕಿದಾಗ ಅದು ಒಡೆದು ಕಣ್ಣಿಗೆ ಸಿಡಿಯುತ್ತದೆ.

ಹಾನಿಯ ಸ್ವರೂಪ

ಆಮ್ಲವು ಪ್ರೋಟೀನನ್ನು ಹೆಪ್ಪುಗಟ್ಟಿಸುವುದರಿಂದ ಸಾಮಾನ್ಯವಾಗಿ ಮೇಲ್ಪದರದಲ್ಲಿಯೇ ತಡೆಯುತ್ತದೆ. ಕ್ಷಾರವಾದ ಸುಣ್ಣವು ಜೀವಕೋಶಗಳ ಪೊರೆಯನ್ನು ಕರಗಿಸಿ ಒಳಗಿಳಿಯುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾ ಬಿಳಿಗುಡ್ಡೆಯನ್ನು ಸೇರುವ ಅಂಚಿಗೆ ಲಿಂಬಸ್ ಎಂದು ಹೆಸರು. ಕಾರ್ನಿಯಾದ ಮೇಲ್ಪದರವನ್ನು ನವೀಕರಿಸುವ ಕಾಂಡಕೋಶಗಳು ಇಲ್ಲಿರುತ್ತವೆ. ಇವು ನಾಶವಾದರೆ ರಕ್ತನಾಳಗಳುಳ್ಳ ಪೊರೆಯು ಕಾರ್ನಿಯಾವನ್ನು ಆವರಿಸಿ ದೃಷ್ಟಿ ಮಸುಕಾಗುತ್ತದೆ. ಆದ್ದರಿಂದ ದಾನವಾಗಿ ಬಂದ ಕಾರ್ನಿಯಾವನ್ನು ಮಾತ್ರ ಕಸಿ ಮಾಡಿದರೆ ಅದು ಬಹುಕಾಲ ಉಳಿಯುವುದಿಲ್ಲ.

ಪ್ರಥಮ ಚಿಕಿತ್ಸೆ

ಗಾಯವಾದ ಕ್ಷಣದಿಂದಲೇ ಶುದ್ಧ ನೀರಿನಿಂದ ಕನಿಷ್ಠ 30 ನಿಮಿಷ ಕಣ್ಣನ್ನು ತೊಳೆಯಬೇಕು. ಬೀದರ್ ಜಿಲ್ಲೆಯ ಬೇಮಳಖೇಡದಂತಹ ಊರುಗಳಿಂದ ದೊಡ್ಡ ನೇತ್ರ ಆಸ್ಪತ್ರೆ ತಲುಪಲು ಗಂಟೆಗಳೇ ಬೇಕಾಗಬಹುದು. ತೊಳೆಯುವ ಕೆಲಸ ಪ್ರಯಾಣಕ್ಕಾಗಿ ಕಾಯಬಾರದು. ರೆಪ್ಪೆಯ ಒಳಗೆ ಉಳಿದ ಸುಣ್ಣದ ಕಣಗಳು ಸುಡುತ್ತಲೇ ಇರುವುದರಿಂದ ವೈದ್ಯರು ರೆಪ್ಪೆ ಮಗುಚಿ ಅವುಗಳನ್ನು ತೆಗೆಯುತ್ತಾರೆ.

ಆರಂಭಿಕ ಶಸ್ತ್ರಚಿಕಿತ್ಸೆ

ಸತ್ತ ಅಂಗಾಂಶವನ್ನು ತೆಗೆದು, ಗಾಯ ತೀವ್ರವಾಗಿದ್ದರೆ ಗರ್ಭದ ಶಿಶುವನ್ನು ಸುತ್ತುವರಿದಿರುವ ಆಮ್ನಿಯಾಟಿಕ್ ಪೊರೆಯನ್ನು ಕಣ್ಣಿನ ಮೇಲೆ ಹೊದಿಸಲಾಗುತ್ತದೆ. ಇದು ಉರಿಯೂತವನ್ನು ತಗ್ಗಿಸಿ ಗಾಯ ಮಾಯಲು ನೆರವಾಗುತ್ತದೆ.

ಕಾಂಡಕೋಶಗಳ ಕಸಿ

ಉರಿಯೂತ ಶಮನವಾದ ಬಳಿಕ, ಸಾಮಾನ್ಯವಾಗಿ ಕೆಲವು ತಿಂಗಳುಗಳ ನಂತರ, ಲಿಂಬಸ್ ಕಸಿ ನಡೆಯುತ್ತದೆ. ಆರೋಗ್ಯವಂತ ಕಣ್ಣಿನಿಂದ ಲಿಂಬಸ್ ಅಂಗಾಂಶವನ್ನು ತೆಗೆದು ಕಸಿ ಮಾಡುವ ವಿಧಾನವನ್ನು ಕೆನ್ಯನ್ ಮತ್ತು ತ್ಸೆಂಗ್ 1989ರಲ್ಲಿ ವಿವರಿಸಿದರು. 2012ರಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೀರೇಂದ್ರ ಸಾಂಗ್ವಾನ್ ಮತ್ತು ಸಹೋದ್ಯೋಗಿಗಳು ಸರಳ ಲಿಂಬಲ್ ಎಪಿಥೀಲಿಯಲ್ ಕಸಿಯನ್ನು ಪ್ರಕಟಿಸಿದರು. ಇದರಲ್ಲಿ ಸುಮಾರು 2 ಮಿ.ಮೀ. ಅಗಲದ ತುಣುಕನ್ನು ಸಣ್ಣ ಚೂರುಗಳಾಗಿ ಕತ್ತರಿಸಿ, ಹಾನಿಗೊಂಡ ಕಾರ್ನಿಯಾದ ಮೇಲೆ ಹೊದಿಸಿದ ಆಮ್ನಿಯಾಟಿಕ್ ಪೊರೆಗೆ ಫೈಬ್ರಿನ್ ಅಂಟಿನಿಂದ ಕೂರಿಸುತ್ತಾರೆ. ಕೋಶಗಳು ಕಣ್ಣಿನಲ್ಲಿಯೇ ಬೆಳೆಯುವುದರಿಂದ ದುಬಾರಿ ಪ್ರಯೋಗಾಲಯದ ಅಗತ್ಯವಿಲ್ಲ.

ಎರಡೂ ಕಣ್ಣುಗಳು ಸುಟ್ಟಾಗ ಸಂಬಂಧಿಕರಿಂದ ಅಥವಾ ಮೃತ ದಾನಿಯಿಂದ ಪಡೆದ ಅಂಗಾಂಶವನ್ನು ಬಳಸಬಹುದು. ಆದರೆ ದೇಹ ಅದನ್ನು ತಿರಸ್ಕರಿಸದಂತೆ ದೀರ್ಘಕಾಲ ಔಷಧ ಸೇವಿಸಬೇಕಾಗುತ್ತದೆ. ಇತರ ಮಾರ್ಗಗಳು ಫಲಿಸದಿದ್ದರೆ ಕೃತಕ ಕಾರ್ನಿಯಾ ಅಳವಡಿಸುತ್ತಾರೆ.

ಮುನ್ನೆಚ್ಚರಿಕೆ

ಮೇಲ್ಮೈ ಸರಿಹೋದ ನಂತರವೂ ಕಣ್ಣಿನ ಒತ್ತಡ ಹೆಚ್ಚಿ ಗ್ಲಾಕೋಮಾ ಉಂಟಾಗಬಹುದು. ಆದ್ದರಿಂದ ವರ್ಷಗಳ ಕಾಲ ತಪಾಸಣೆ ಅಗತ್ಯ. ಸುಣ್ಣವನ್ನು ಮಕ್ಕಳ ಕೈಗೆ ಸಿಗದಂತೆ ಇಡುವುದು ಈ ಎಲ್ಲ ಚಿಕಿತ್ಸೆಗಳಿಗಿಂತ ಸುಲಭವಾದ ಉಪಾಯ.