ಅನುಮಾನದಿಂದ ಪ್ರತ್ಯಕ್ಷಕ್ಕೆ: ಮೆದುಳಿನ ಗಡ್ಡೆಯನ್ನು ಕಂಡ ಇತಿಹಾಸ

ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ತಿಳಿಯುವುದು ಅನುಮಾನ. ಬೆಟ್ಟವನ್ನೇರಿ ಬೆಂಕಿಯನ್ನೇ ನೋಡುವುದು ಪ್ರತ್ಯಕ್ಷ. ತರ್ಕಶಾಸ್ತ್ರದ ಮೊದಲ ಪಾಠದಲ್ಲಿಯೇ ಬರುವ ಈ ಭೇದವು ವೈದ್ಯಶಾಸ್ತ್ರದ ಒಂದು ಭಾಗದಲ್ಲಿ ಬಹುಕಾಲದವರೆಗೆ ಜೀವನ್ಮರಣಗಳ ಪ್ರಶ್ನೆಯಾಗಿದ್ದಿತು. ಹೊಟ್ಟೆಯಲ್ಲಿ ಬೆಳೆದ ಗಡ್ಡೆಯನ್ನು ವೈದ್ಯನು ಕೈಯಿಂದ ಒತ್ತಿ ತಿಳಿಯಬಲ್ಲನು; ಬಾಯಲ್ಲಿರುವುದನ್ನು ಕಣ್ಣಿನಿಂದ ನೋಡಬಲ್ಲನು. ಮೆದುಳಿನಲ್ಲಿ ಬೆಳೆದುದನ್ನು ಮುಟ್ಟುವಂತಿಲ್ಲ, ನೋಡುವಂತಿಲ್ಲ. ಪ್ರಕೃತಿಯು ಆ ಮೃದುವಾದ ಅವಯವವನ್ನು ಎಲುಬಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿರುವಳು. ಪೆಟ್ಟಿಗೆಯು ಹಿಗ್ಗಲಾರದು. ಆದುದರಿಂದ ಒಳಗೆ ಸಣ್ಣದೊಂದು ಗಡ್ಡೆ ಬೆಳೆದರೂ ಮೆದುಳು ಒತ್ತಡಕ್ಕೆ ಸಿಕ್ಕಿ, ತಲೆನೋವು, ವಾಂತಿ, ಸೆಳೆತ, ದೃಷ್ಟಿಮಾಂದ್ಯಗಳು ತೋರಿ, ಕಡೆಗೆ ಪ್ರಾಣಕ್ಕೇ ಅಪಾಯವೊದಗುವುದು. ಅಂತಹ ಗಡ್ಡೆಯು ಎಲ್ಲಿರುವುದೆಂಬುದನ್ನು ತಲೆಯನ್ನು ತೆರೆಯುವುದಕ್ಕೆ ಮೊದಲೇ ಅರಿಯುವ ವಿದ್ಯೆಯು ಹೇಗೆ ಬೆಳೆಯಿತು, ಅದಕ್ಕಾಗಿ ಯಾರು ಎಂತಹ ಬೆಲೆಯನ್ನು ತೆತ್ತರು ಎಂಬುದನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶವು.

೧

ಮೊದಲನೆಯ ಅಧ್ಯಾಯವು ಶುದ್ಧ ಅನುಮಾನದ್ದು. ೧೮೮೪ನೆಯ ಇಸವಿಯ ನವೆಂಬರ್ ೨೫ರಂದು ಲಂಡನ್ ನಗರದ ಒಂದು ಆಸ್ಪತ್ರೆಯಲ್ಲಿ ರಿಕ್‌ಮನ್ ಗಾಡ್ಲಿ ಎಂಬ ಶಸ್ತ್ರವೈದ್ಯರು ಒಬ್ಬ ಯುವಕನ ತಲೆಬುರುಡೆಯನ್ನು ತೆರೆದರು. ಯಾವ ಸ್ಥಳದಲ್ಲಿ ತೆರೆಯಬೇಕೆಂಬುದನ್ನು ಅವರಿಗೆ ತಿಳಿಸಿದವರು ಹ್ಯೂಸ್ ಬೆನೆಟ್ ಎಂಬ ವೈದ್ಯರು. ಬೆನೆಟ್ಟರ ಬಳಿ ಯಾವ ಚಿತ್ರವೂ ಇರಲಿಲ್ಲ. ರೋಗಿಯ ಎಡಗೈ ಮೊದಲು ಅದುರುತ್ತಿದ್ದಿತು, ಬಳಿಕ ಶಕ್ತಿಗುಂದಿತು. ಎಡಗೈಯನ್ನು ಆಳುವ ಭಾಗವು ಮೆದುಳಿನ ಬಲಗಡೆಯಲ್ಲಿದೆ. ಆದುದರಿಂದ ಗಡ್ಡೆಯು ಬಲಗಡೆಯ ಇಂತಹ ಸ್ಥಳದಲ್ಲಿಯೇ ಇರತಕ್ಕದ್ದು—ಇದು ಅವರ ತರ್ಕಸರಣಿ. ಡೇವಿಡ್ ಫೆರಿಯರ್ ಮೊದಲಾದವರು ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳೂ, ಹ್ಯೂಲಿಂಗ್ಸ್ ಜಾಕ್ಸನ್ನರು ಸೆಳೆತದ ರೋಗಿಗಳಲ್ಲಿ ಮಾಡಿದ್ದ ಸೂಕ್ಷ್ಮವಾದ ಅವಲೋಕನಗಳೂ ಈ ತರ್ಕಕ್ಕೆ ಆಧಾರವಾಗಿದ್ದುವು. ತೆರೆದು ನೋಡಲಾಗಿ ಗಡ್ಡೆಯು ಹೇಳಿದ ಸ್ಥಳದಲ್ಲಿಯೇ, ಮೆದುಳಿನ ಮೇಲ್ಪದರದ ಕೆಳಗೆ, ಅಕ್ರೋಟಿನ ಗಾತ್ರದ್ದಾಗಿ ದೊರೆಯಿತು. ಅನುಮಾನವು ಗೆದ್ದಿತು, ಆದರೆ ರೋಗಿಯು ಉಳಿಯಲಿಲ್ಲ. ಸುಮಾರು ಒಂದು ತಿಂಗಳೊಳಗಾಗಿ ಗಾಯದ ಸೋಂಕಿನಿಂದ ಅವನು ಮೃತನಾದನು.

ಈ ಜಯದಲ್ಲಿ ಒಂದು ಮಿತಿಯೂ ಅಡಗಿದ್ದಿತು. ಕೈಕಾಲುಗಳನ್ನು ಆಳುವ ಭಾಗದಲ್ಲಿ ಗಡ್ಡೆಯಿದ್ದರೆ ಕೈಕಾಲುಗಳೇ ಅದನ್ನು ಹೇಳಿಬಿಡುವುವು. ಆದರೆ ಮೆದುಳಿನಲ್ಲಿ ಮೂಕವಾದ ಪ್ರದೇಶಗಳು ಅನೇಕವಿರುವುವು. ಅಲ್ಲಿ ಬೆಳೆಯುವ ಗಡ್ಡೆಯು ಬಹಳ ದೊಡ್ಡದಾಗುವವರೆಗೆ ತಲೆನೋವಿನ ಹೊರತು ಬೇರೆ ಯಾವ ಗುರುತನ್ನೂ ಕೊಡದೆ ಇರಬಹುದು. ಅಂತಹ ಕಡೆ ಮಹಾಪಂಡಿತನ ಅನುಮಾನವೂ ದಾರಿ ತಪ್ಪುತ್ತಿದ್ದಿತು. ಬುರುಡೆಯನ್ನು ತೆರೆದು, ಏನನ್ನೂ ಕಾಣದೆ, ಹಾಗೆಯೇ ಮುಚ್ಚಿದ ಸಂದರ್ಭಗಳು ವಿರಳವಲ್ಲ.

೨

೧೮೯೫ನೆಯ ನವೆಂಬರ್ ೮ರಂದು ಜರ್ಮನಿಯ ವ್ಯೂರ್ಟ್ಸ್‌ಬರ್ಗ್ ಪಟ್ಟಣದಲ್ಲಿ ರಾಂಟ್‌ಜನ್ ಎಂಬ ಪ್ರಾಧ್ಯಾಪಕರು ಕ್ಷಕಿರಣಗಳನ್ನು ಕಂಡುಹಿಡಿದಾಗ, ಇನ್ನು ಮನುಷ್ಯನ ಶರೀರದಲ್ಲಿ ಗುಟ್ಟೆಂಬುದೇ ಇರಲಾರದೆಂದು ಲೋಕವು ಭಾವಿಸಿತು. ಮೆದುಳಿನ ಮಟ್ಟಿಗೆ ಈ ಆಸೆಯು ಕೈಗೂಡಲಿಲ್ಲ. ಕ್ಷಕಿರಣವು ಎಲುಬನ್ನು ತೋರಿಸುವುದು. ಮೆದುಳು, ಅದರ ಸುತ್ತಲಿನ ನೀರು, ಅದರಲ್ಲಿ ಬೆಳೆದ ಗಡ್ಡೆ ಇವೆಲ್ಲವೂ ಆ ಕಿರಣಕ್ಕೆ ಹೆಚ್ಚುಕಡಮೆ ಒಂದೇ. ಚಿತ್ರದಲ್ಲಿ ಪೆಟ್ಟಿಗೆಯು ಕಾಣುತ್ತಿದ್ದಿತು, ಒಳಗಿನ ವಸ್ತುವು ಕಾಣುತ್ತಿರಲಿಲ್ಲ. ಗಡ್ಡೆಯಲ್ಲಿ ಸುಣ್ಣವು ಕೂಡಿದ್ದರೆ, ಇಲ್ಲವೆ ಅದು ಎಲುಬನ್ನು ಸವೆಯಿಸಿದ್ದರೆ ಮಾತ್ರ ಏನಾದರೊಂದು ಸೂಚನೆಯು ದೊರೆಯುತ್ತಿದ್ದಿತು.

ಈ ಕಟ್ಟನ್ನು ಮೊದಲು ಬಿಡಿಸಿದವರು ಅಮೆರಿಕೆಯ ಬಾಲ್ಟಿಮೋರ್ ನಗರದ ವಾಲ್ಟರ್ ಡ್ಯಾಂಡಿ. ಮೆದುಳಿನ ನಡುವೆ ನೀರು ತುಂಬಿದ ಕುಹರಗಳಿವೆ. ಗಡ್ಡೆಯು ಬೆಳೆದಾಗ ಈ ಕುಹರಗಳು ಒತ್ತಲ್ಪಟ್ಟು ಪಕ್ಕಕ್ಕೆ ಸರಿಯುವುವು. ಕುಹರಗಳನ್ನು ಚಿತ್ರದಲ್ಲಿ ಕಾಣಿಸಿದರೆ ಗಡ್ಡೆಯು ತಾನಾಗಿ ಗೊತ್ತಾಗುವುದು. ಕಾಣಿಸುವ ಬಗೆ ಯಾವುದು? ಡ್ಯಾಂಡಿಯವರು ನಾನಾ ದ್ರವಗಳನ್ನು ನಾಯಿಗಳ ಮೆದುಳಿಗೆ ಹಾಕಿ ನೋಡಿದರು. ಅವು ಮೆದುಳನ್ನು ಕೆಡಿಸಿದುವು. ಕರುಳಿನಲ್ಲಿರುವ ವಾಯುವು ಕ್ಷಕಿರಣಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವುದು ಆಗಲೇ ಎಲ್ಲರಿಗೂ ತಿಳಿದಿದ್ದಿತು. ೧೯೧೮ರಲ್ಲಿ ಅವರು ಬುರುಡೆಯಲ್ಲಿ ರಂಧ್ರವನ್ನು ಕೊರೆದು, ಕುಹರದ ನೀರನ್ನು ತೆಗೆದು, ಅದರ ಬದಲು ಗಾಳಿಯನ್ನು ತುಂಬಿ ಚಿತ್ರವನ್ನು ತೆಗೆದರು. ಮರುವರ್ಷವೇ ಬೆನ್ನುಹುರಿಯ ಮಾರ್ಗವಾಗಿ ಗಾಳಿಯನ್ನೇರಿಸುವ ಕ್ರಮವನ್ನೂ ಪ್ರಕಟಿಸಿದರು. ಸುತ್ತಲೂ ಮಬ್ಬು, ನಡುವೆ ಗಾಳಿಯ ಸ್ಪಷ್ಟವಾದ ಆಕೃತಿ. ಅದು ಯಾವ ಕಡೆ ಚಪ್ಪಟೆಯಾಗಿದೆಯೋ, ಯಾವ ಕಡೆಯಿಂದ ಸರಿದಿದೆಯೋ ಅಲ್ಲಿ ಗಡ್ಡೆ.

ಇದರಿಂದ ಉಳಿದ ಪ್ರಾಣಗಳು ಅಸಂಖ್ಯಾತ. ಆದರೆ ರೋಗಿಗಳು ಅನುಭವಿಸಿದ ಯಾತನೆಯೂ ಅಲ್ಪವಲ್ಲ. ಗಾಳಿಯೇರಿದ ಬಳಿಕ ತಲೆನೋವು, ವಾಂತಿಗಳು ದಿನಗಟ್ಟಳೆ ಪೀಡಿಸುತ್ತಿದ್ದುವು. ತಲೆಯೊಳಗಿನ ಒತ್ತಡವು ಮೊದಲೇ ಹೆಚ್ಚಿದ್ದವರಲ್ಲಿ ಬೆನ್ನಿನಿಂದ ನೀರನ್ನು ತೆಗೆದೊಡನೆ ಮೆದುಳು ಕೆಳಕ್ಕೆ ಜಗ್ಗಿ ಸಾವೇ ಸಂಭವಿಸಬಹುದಾಗಿದ್ದಿತು. ಹೀಗಿದ್ದರೂ ಈ ಕ್ರಮವು ಸುಮಾರು ಅರ್ಧ ಶತಮಾನದವರೆಗೆ ನಡೆದುಬಂದಿತು, ಬೇರೆ ಗತಿಯಿರಲಿಲ್ಲ.

೩

ಎರಡನೆಯ ಮಾರ್ಗವನ್ನು ತೋರಿಸಿದವರು ಪೋರ್ತುಗಾಲಿನ ಲಿಸ್ಬನ್ ನಗರದ ಎಗಾಸ್ ಮೊನೀಜ್. ಅವರು ಕುಹರಗಳನ್ನು ಬಿಟ್ಟು ರಕ್ತನಾಳಗಳನ್ನು ಹಿಡಿದರು. ಕೊರಳಿನ ಮಹಾಧಮನಿಯಲ್ಲಿ ಕ್ಷಕಿರಣವನ್ನು ತಡೆಯುವ ದ್ರವವೊಂದನ್ನು ಹಾಕಿ, ಅದು ಮೆದುಳಿಗೆ ಏರುವ ಕ್ಷಣದಲ್ಲಿಯೇ ಚಿತ್ರವನ್ನು ತೆಗೆಯಬೇಕೆಂಬುದು ಅವರ ಯೋಜನೆ. ವಾತರೋಗದಿಂದ ಅವರ ಕೈಗಳು ಕೆಟ್ಟಿದ್ದುವು. ಆದುದರಿಂದ ಸೂಜಿಯನ್ನು ಹಿಡಿಯುವ ಕೆಲಸವನ್ನು ಅಲ್ಮೇಡ ಲಿಮ ಎಂಬ ತರುಣ ಸಹಾಯಕರು ವಹಿಸಿಕೊಂಡರು. ಮೊದಲು ಉಪಯೋಗಿಸಿದ ಸ್ಟ್ರಾನ್ಷಿಯಂ ಬ್ರೋಮೈಡ್ ದ್ರವದಿಂದ ಒಬ್ಬ ರೋಗಿಯು ಮರಣಹೊಂದಿದನು. ಅನಂತರ ಸೋಡಿಯಂ ಅಯೊಡೈಡನ್ನು ಪರೀಕ್ಷಿಸಿ, ೧೯೨೭ರ ಜೂನ್ ೨೮ರಂದು, ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆಯಿದ್ದ ತರುಣನೊಬ್ಬನ ಮೆದುಳಿನ ರಕ್ತನಾಳಗಳನ್ನು ಅವರು ಮೊದಲಬಾರಿಗೆ ಚಿತ್ರದಲ್ಲಿ ಕಂಡರು. ಎಲೆಯ ನರಗಳಂತೆ ಕವಲೊಡೆದ ನಾಳಗಳು ಸಹಜವಾದ ಸ್ಥಾನದಿಂದ ಸರಿದಿದ್ದರೆ ಅಲ್ಲಿ ಗಡ್ಡೆಯಿದೆಯೆಂದು ನಿರ್ಧರಿಸಬಹುದಾಗಿದ್ದಿತು.

ಈ ಪ್ರಕರಣದಲ್ಲಿ ಮರೆಯಬಾರದ ಒಂದು ಪಾಠವುಂಟು. ಅಯೊಡೈಡಿನಿಂದ ನೋವು, ಸೆಳೆತಗಳುಂಟಾಗುತ್ತಿದ್ದುದರಿಂದ ೧೯೩೦ರ ದಶಕದಲ್ಲಿ ‘ಥೋರೊಟ್ರಾಸ್ಟ್’ ಎಂಬ ಥೋರಿಯಂ ದ್ರವವು ಬಳಕೆಗೆ ಬಂದಿತು. ಅದನ್ನು ಹಾಕಿದಾಗ ನೋವಿಲ್ಲ, ಚಿತ್ರವು ಬಹು ಸ್ಪಷ್ಟ. ಆದರೆ ಥೋರಿಯಂ ವಿಕಿರಣಶೀಲವಾದ ಧಾತು. ಶರೀರವು ಅದನ್ನು ಹೊರಹಾಕಲಾರದೆ ಯಕೃತ್ತು, ಪ್ಲೀಹಗಳಲ್ಲಿ ಶೇಖರಿಸಿಕೊಳ್ಳುತ್ತಿದ್ದಿತು. ಇಪ್ಪತ್ತು ಮೂವತ್ತು ವರ್ಷಗಳು ಕಳೆದಮೇಲೆ ಅಂತಹ ರೋಗಿಗಳಲ್ಲಿ ಯಕೃತ್ತಿನ ಅರ್ಬುದವು ಕಾಣಿಸಿಕೊಂಡಿತು. ಒಂದು ಗಡ್ಡೆಯನ್ನು ಹುಡುಕುವುದಕ್ಕಾಗಿ ಕೊಟ್ಟ ಔಷಧವು ಮತ್ತೊಂದು ಗಡ್ಡೆಯ ಬೀಜವಾಯಿತು. ಸುಖಕರವಾದುದೆಲ್ಲವೂ ನಿರಪಾಯಕರವಲ್ಲವೆಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನವು ಬೇಕಿಲ್ಲ.

ಭಾರತದಲ್ಲಿ ೧೯೪೯ರಲ್ಲಿ ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿಯವರೂ, ೧೯೫೦ರಲ್ಲಿ ಮದರಾಸಿನಲ್ಲಿ ಡಾ. ಬಿ. ರಾಮಮೂರ್ತಿಯವರೂ ನರಶಸ್ತ್ರವೈದ್ಯ ವಿಭಾಗಗಳನ್ನು ಆರಂಭಿಸಿದಾಗ ಈ ಗಾಳಿಯ ಚಿತ್ರ, ನಾಳದ ಚಿತ್ರಗಳ ಕಾಲವೇ ನಡೆದಿದ್ದಿತು. ಇಷ್ಟಾದರೂ ವಾಚಕರು ಗಮನಿಸತಕ್ಕ ಅಂಶವೇನೆಂದರೆ, ಈವರೆಗೆ ಗಡ್ಡೆಯನ್ನು ಸಾಮಾನ್ಯವಾಗಿ ಯಾರೂ ನೇರವಾಗಿ ಕಂಡಿರಲಿಲ್ಲ. ಮೊದಲು ಕೈಯ ಅದುರಿಕೆಯಿಂದ, ಬಳಿಕ ಕುಹರದ ಆಕಾರದಿಂದ, ಅನಂತರ ನಾಳದ ಓರೆಯಿಂದ ಅದನ್ನು ಊಹಿಸಿದರು. ಹೊಗೆಯು ಬೇರೆಬೇರೆಯಾಯಿತು, ಬೆಂಕಿಯು ಮಾತ್ರ ಕಂಡಿರಲಿಲ್ಲ.

೪

ಪ್ರತ್ಯಕ್ಷದ ಬಾಗಿಲನ್ನು ತೆರೆದವರು ವೈದ್ಯರಲ್ಲ, ಗಣಿತವನ್ನು ನಂಬಿದವರು. ಚೌಕವೊಂದರ ಮನೆಗಳಲ್ಲಿ ಅಂಕಿಗಳನ್ನು ಬರೆದು ಮರೆಮಾಡಿ, ಅಡ್ಡಸಾಲು, ಉದ್ದಸಾಲು, ಓರೆಸಾಲುಗಳ ಮೊತ್ತವನ್ನು ಮಾತ್ರ ತಿಳಿಸಿದರೆ, ಜಾಣನಾದವನು ಒಂದೊಂದು ಮನೆಯ ಅಂಕಿಯನ್ನೂ ಲೆಕ್ಕಮಾಡಿ ಹೇಳಬಹುದಷ್ಟೆ. ಹಾಗೆಯೇ ತಲೆಯ ಒಂದು ಅಡ್ಡಹೋಳಿನ ಮೂಲಕ ಎಲ್ಲ ದಿಕ್ಕುಗಳಿಂದಲೂ ಕ್ಷಕಿರಣವನ್ನು ಹಾಯಿಸಿ, ಪ್ರತಿಯೊಂದು ಗೆರೆಯಲ್ಲಿಯೂ ಎಷ್ಟು ಕಿರಣವು ಒಳಗೆ ಉಳಿಯಿತೆಂದು ಅಳೆದರೆ, ಆ ಹೋಳಿನ ಒಂದೊಂದು ಬಿಂದುವಿನ ಸಾಂದ್ರತೆಯನ್ನೂ ಕಂಡುಹಿಡಿಯಬಹುದು. ಇದು ಸಾಧ್ಯವೆಂಬುದನ್ನು ಯೋಹಾನ್ ರಾಡಾನ್ ಎಂಬ ಗಣಿತಜ್ಞರು ೧೯೧೭ರಲ್ಲಿಯೇ ಸಾಧಿಸಿದ್ದರು. ಆದರೆ ವೈದ್ಯಲೋಕಕ್ಕೆ ಅದರ ಸುದ್ದಿಯೇ ಇರಲಿಲ್ಲ. ದಕ್ಷಿಣ ಆಫ್ರಿಕೆಯ ಕೇಪ್‌ಟೌನ್ ನಗರದಲ್ಲಿ ಆಸ್ಪತ್ರೆಯ ಕೆಲಸವನ್ನು ನೋಡಿದ ಅಲನ್ ಕಾರ್ಮಾಕ್ ಎಂಬ ಭೌತವಿಜ್ಞಾನಿಗಳು ಸ್ವತಂತ್ರವಾಗಿ ಈ ಗಣಿತವನ್ನು ಕಟ್ಟಿ ೧೯೬೩, ೧೯೬೪ರಲ್ಲಿ ಪ್ರಕಟಿಸಿದರು. ಯಾರೂ ಕಿವಿಗೊಡಲಿಲ್ಲ. ಸ್ವಿಟ್ಸರ್ಲೆಂಡಿನ ಹಿಮಪಾತ ಸಂಶೋಧನಾ ಕೇಂದ್ರವು ಲೇಖನದ ಪ್ರತಿಯನ್ನು ಕೇಳಿತೆಂಬುದೇ ಅವರಿಗೆ ನೆನಪಿನಲ್ಲುಳಿದ ಮನ್ನಣೆ.

ಅದನ್ನು ಯಂತ್ರವಾಗಿ ನಿಲ್ಲಿಸಿದವರು ಇಂಗ್ಲೆಂಡಿನ ಗಾಡ್‌ಫ್ರೇ ಹೌನ್ಸ್‌ಫೀಲ್ಡ್. ಇವರು ಒಕ್ಕಲಿಗರ ಮನೆತನದವರು. ಗ್ರಾಮಫೋನ್ ತಟ್ಟೆಗಳಿಗೆ ಹೆಸರಾದ ಇ.ಎಂ.ಐ. ಸಂಸ್ಥೆಯಲ್ಲಿ ಯಂತ್ರಶಿಲ್ಪಿಗಳಾಗಿದ್ದರು. ಮೊದಲ ಪ್ರಯೋಗವನ್ನು ಒಂದು ಹಳೆಯ ಲೇತ್ ಯಂತ್ರದ ಪೀಠದ ಮೇಲೆ ನಡೆಸಿದರು. ಒಂದು ಚಿತ್ರಕ್ಕಾಗಿ ೨೮,೦೦೦ ಅಳತೆಗಳು. ಅಳೆಯುವುದಕ್ಕೆ ೯ ದಿನಗಳು. ಗಣಕಯಂತ್ರದಲ್ಲಿ ಲೆಕ್ಕಹಾಕುವುದಕ್ಕೆ ಎರಡೂವರೆ ಗಂಟೆ. ಇಂತಹ ತಾಳ್ಮೆಯ ಫಲವಾಗಿ ೧೯೭೧ರ ಅಕ್ಟೋಬರ್ ೧ರಂದು ವಿಂಬಲ್ಡನ್ನಿನ ಅಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ, ಡಾ. ಜೇಮ್ಸ್ ಆಂಬ್ರೋಸರ ಮೇಲ್ವಿಚಾರಣೆಯಲ್ಲಿ, ಮೆದುಳಿನ ಗಡ್ಡೆಯ ಸಂಶಯವಿದ್ದ ಮಹಿಳೆಯೊಬ್ಬರನ್ನು ಮೊದಲ ಯಂತ್ರದಲ್ಲಿ ಮಲಗಿಸಿದರು. ೮೦ ಸಾಲು ೮೦ ಕಂಬಗಳ ಒರಟಾದ ಚಿತ್ರದಲ್ಲಿ, ಮೆದುಳಿನ ಮುಂಭಾಗದಲ್ಲಿ, ದುಂಡಾದ ಕಪ್ಪು ಗಂಟೊಂದು ಸ್ಪಷ್ಟವಾಗಿ ಕಂಡಿತು. ರಂಧ್ರವಿಲ್ಲ, ಗಾಳಿಯಿಲ್ಲ, ಕೊರಳಿಗೆ ಸೂಜಿಯಿಲ್ಲ. ರೋಗಿಯು ಸುಮ್ಮನೆ ಮಲಗಿದ್ದಷ್ಟೇ. ಕಾರ್ಮಾಕ್, ಹೌನ್ಸ್‌ಫೀಲ್ಡ್ ಇಬ್ಬರೂ ೧೯೭೯ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಸಿ.ಟಿ. ಎಂದು ಈಗ ಮನೆಮಾತಾಗಿರುವ ಪರೀಕ್ಷೆಯ ಮೂಲವು ಇದೇ.

ಈ ಇತಿಹಾಸದಲ್ಲಿ ಕನ್ನಡನಾಡಿನ ರಾಜಧಾನಿಗೂ ಒಂದು ಸ್ಥಾನವುಂಟೆಂಬುದನ್ನು ನಮ್ಮಲ್ಲಿ ಅನೇಕರು ಅರಿಯರು. ಅದೇ ೧೯೭೧ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಎನ್. ರಾಮಚಂದ್ರನ್ ಅವರೂ ಅವರ ಸಹೋದ್ಯೋಗಿ ಎ. ವಿ. ಲಕ್ಷ್ಮೀನಾರಾಯಣನ್ ಅವರೂ, ನೆರಳುಚಿತ್ರಗಳಿಂದ ಘನವಸ್ತುವಿನ ಆಕಾರವನ್ನು ಮರಳಿ ಕಟ್ಟುವ ಒಂದು ಸುಲಭವಾದ ಗಣಿತಮಾರ್ಗವನ್ನು ಅಮೆರಿಕೆಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ನೆರಳುಗಳನ್ನು ಇದ್ದಂತೆಯೇ ಒಂದರಮೇಲೊಂದು ಹರಡಿದರೆ ಚಿತ್ರವು ಮಸಕಾಗುವುದು. ಪ್ರತಿಯೊಂದು ನೆರಳನ್ನೂ ಮೊದಲು ಒಂದು ಸೂತ್ರದಿಂದ ಸಂಸ್ಕರಿಸಿ ಬಳಿಕ ಹರಡಿದರೆ ಅಂಚುಗಳು ತೀಕ್ಷ್ಣವಾಗುವುವು. ಖಗೋಳವಿಜ್ಞಾನಕ್ಕಾಗಿ ಬ್ರೇಸ್‌ವೆಲ್, ರಿಡಲ್ ಎಂಬವರು ೧೯೬೭ರಲ್ಲಿ ಇಂತಹದೇ ಮಾರ್ಗವನ್ನು ತೋರಿಸಿದ್ದರಾದರೂ, ಕ್ಷಕಿರಣಚಿತ್ರಗಳಿಗೆ ಇದನ್ನು ಅನ್ವಯಿಸಿದ ಕೀರ್ತಿಯು ಇವರಿಗೆ ಸಲ್ಲುವುದು. ಹೌನ್ಸ್‌ಫೀಲ್ಡರ ಮೊದಲ ಯಂತ್ರವು ಬೇರೆ ಕ್ರಮದಿಂದ ಲೆಕ್ಕಮಾಡುತ್ತಿದ್ದಿತು. ಅನಂತರದ ಯಂತ್ರಗಳು ಬಹುಮಟ್ಟಿಗೆ ಈ ಬಗೆಯ ಮಾರ್ಗವನ್ನೇ ಹಿಡಿದುವು. ಇಂದಿಗೂ ಲೋಕದ ವಿದ್ವಾಂಸರು ಆ ಸೂತ್ರವನ್ನು ಇಬ್ಬರ ಹೆಸರುಗಳನ್ನೂ ಕೂಡಿಸಿ ‘ರಾಮ್-ಲಾಕ್’ ಎಂದು ಕರೆಯುತ್ತಿರುವರು.

೫

ಅಲ್ಲಿಂದ ಮುಂದೆ ಹೆಜ್ಜೆಗಳು ತ್ವರಿತವಾದುವು. ೧೯೭೩ರಲ್ಲಿ ಪಾಲ್ ಲಾಟರ್ಬರ್ ಅವರು ಕಾಂತಕ್ಷೇತ್ರದಲ್ಲಿ ನೀರಿನ ಪರಮಾಣುಗಳು ಕೊಡುವ ರೇಡಿಯೋ ಧ್ವನಿಯಿಂದಲೇ ಚಿತ್ರವನ್ನು ರಚಿಸಬಹುದೆಂದು ತೋರಿಸಿದರು. ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡರಿಗೂ ೨೦೦೩ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಇದೇ ಎಂ.ಆರ್.ಐ. ಇದರಲ್ಲಿ ಕ್ಷಕಿರಣವಿಲ್ಲ; ಎಲುಬಿನ ಅಡ್ಡಿಯೂ ಇಲ್ಲ. ಗ್ಯಾಡೊಲಿನಿಯಂ ಎಂಬ ಧಾತುವಿನ ದ್ರವವನ್ನು ರಕ್ತಕ್ಕೆ ಸೇರಿಸಿದರೆ, ಮೆದುಳಿನ ರಕ್ತನಾಳಗಳ ಕಾವಲು ಮುರಿದಿರುವ ಕಡೆ ಅದು ಸೋರಿ ಗಡ್ಡೆಯು ದೀಪದಂತೆ ಬೆಳಗುವುದು. ೧೯೯೦ರಲ್ಲಿ ಸೇಜಿ ಒಗಾವ ಅವರು ರಕ್ತದ ಪ್ರಾಣವಾಯುವಿನ ವ್ಯತ್ಯಾಸವನ್ನು ಇದೇ ವಿಧಾನದಿಂದ ಗುರುತಿಸಿದ ಬಳಿಕ, ಮಾತಿನ ಸ್ಥಾನವೆಲ್ಲಿ, ಕೈಯ ಸ್ಥಾನವೆಲ್ಲಿ ಎಂಬುದನ್ನು ಶಸ್ತ್ರಕ್ರಿಯೆಗೆ ಮೊದಲೇ ಗೊತ್ತುಮಾಡಿಕೊಳ್ಳುವುದು ಸಾಧ್ಯವಾಯಿತು. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ಅವರು ೧೯೬೮ರಲ್ಲಿ ನಿರ್ಮಿಸಿದ ಗ್ಯಾಮಾ ಯಂತ್ರವು ಬುರುಡೆಯನ್ನು ತೆರೆಯದೆಯೇ ಅನೇಕ ಕಿರಣಗಳನ್ನು ಒಂದೇ ಬಿಂದುವಿನಲ್ಲಿ ಕೂಡಿಸುವುದು. ಬಿಂದುವನ್ನು ಹೇಳುವ ಚಿತ್ರಗಳು ಶುದ್ಧವಾದಷ್ಟೂ ಆ ಯಂತ್ರವು ಉಪಯುಕ್ತವಾಗುತ್ತ ಬಂದಿತು. ಹೀಗೆ ರೋಗವನ್ನು ಹುಡುಕಲು ಹುಟ್ಟಿದ ವಿದ್ಯೆಯು ಚಿಕಿತ್ಸೆಯ ಕಣ್ಣೂ ಆಯಿತು.

ಹಾಗಾದರೆ ಗೆಲವು ಪೂರ್ಣವಾಯಿತೆ? ಇಲ್ಲವೆಂದೇ ಹೇಳಬೇಕಾಗಿದೆ. ಗಾಳಿಯ ಚಿತ್ರವನ್ನು ಕಂಡುಹಿಡಿದ ಡ್ಯಾಂಡಿಯವರೇ ೧೯೨೦ರ ದಶಕದಲ್ಲಿ, ಮೆದುಳಿನ ಜೀವಕೋಶಗಳಲ್ಲಿಯೇ ಹುಟ್ಟುವ ಗ್ಲಯೋಮ ಎಂಬ ಗಡ್ಡೆಯನ್ನು ಬೇರುಸಹಿತ ಕೀಳಬೇಕೆಂದು ಕೆಲವರ ಬಲಗಡೆಯ ಅರ್ಧ ಮೆದುಳನ್ನೇ ತೆಗೆದರು. ಆದರೂ ರೋಗವು ಮರಳಿ ಬಂದಿತು. ಏಕೆಂದರೆ ಅದರ ಕಣಗಳು ಕರಿಕೆಯ ಬೇರಿನಂತೆ ಬಹುದೂರ ಹರಡಿರುವುವು. ಇಂದಿನ ಅತ್ಯುತ್ತಮವಾದ ಚಿತ್ರದಲ್ಲಿಯೂ ಬೆಳಗುವ ಅಂಚು ರೋಗದ ಅಂಚಲ್ಲ; ಅದರಾಚೆಗೂ ಕಾಣದ ಕಣಗಳು ಇರುವುವು. ಕಿರಣಚಿಕಿತ್ಸೆಯ ಬಳಿಕ ಚಿತ್ರದಲ್ಲಿ ಗಡ್ಡೆಯು ಬೆಳೆದಂತೆ ತೋರಿದರೂ ಒಮ್ಮೊಮ್ಮೆ ಅದು ಬೆಳೆದಿರುವುದಿಲ್ಲ. ಗಡ್ಡೆಯ ಜಾತಿಯನ್ನು ನಿಶ್ಚಯಿಸಲು ಸಾಮಾನ್ಯವಾಗಿ ಅದರ ತುಣುಕನ್ನು ಪರೀಕ್ಷಿಸಲೇಬೇಕು. ಅತ್ಯಂತ ಕ್ರೂರವಾದ ಗ್ಲಯೋಬ್ಲಾಸ್ಟೋಮ ಎಂಬ ಜಾತಿಯಲ್ಲಿ, ಕಿರಣಚಿಕಿತ್ಸೆಗೆ ಟೆಮೊಜೊಲೊಮೈಡ್ ಔಷಧವನ್ನು ಸೇರಿಸಿ ೨೦೦೫ರಲ್ಲಿ ಪ್ರಕಟವಾದ ಪ್ರಸಿದ್ಧ ಪರೀಕ್ಷೆಯು, ರೋಗಿಗಳ ಮಧ್ಯಮ ಆಯುಸ್ಸನ್ನು ೧೨.೧ ತಿಂಗಳಿನಿಂದ ೧೪.೬ ತಿಂಗಳಿಗೆ ಏರಿಸಿತು. ಕಂಡಷ್ಟನ್ನೂ ಗುಣಪಡಿಸುವ ಶಕ್ತಿಯು ಇನ್ನೂ ನಮಗೆ ಬಂದಿಲ್ಲ.

ಮತ್ತೊಂದು ಮಾತು. ಈಗಿನ ಚಿತ್ರವನ್ನು ನಾವು ಪ್ರತ್ಯಕ್ಷವೆಂದು ಕರೆದರೂ ಅದು ಸಾವಿರಾರು ಅಳತೆಗಳಿಂದ ಗಣಿತವು ಕಟ್ಟಿದ ಒಂದು ಮಹಾ ಅನುಮಾನವೇ ಸರಿ. ಆದುದರಿಂದ ಬೆನೆಟ್ಟರ ವಿದ್ಯೆಯು ವ್ಯರ್ಥವಾಗಿಲ್ಲ. ರೋಗಿಯ ಮಾತನ್ನು ಕೇಳಿ, ಕೈಯನ್ನೆತ್ತಿಸಿ, ಕಣ್ಣನ್ನು ಪರೀಕ್ಷಿಸುವ ವೈದ್ಯನಿಗೆ ಆ ಚಿತ್ರವು ಸಾಕ್ಷಿ. ಹಾಗೆ ಮಾಡದವನಿಗೆ ಅದು ಕೇವಲ ಕಪ್ಪುಬಿಳಿಯ ಹಾಳೆ. ೧೮೮೪ರಿಂದ ಇಂದಿನವರೆಗೆ ನಿಸ್ಸಂದೇಹವಾಗಿ ಸಾಧಿಸಿದುದು ಒಂದುಂಟು: ಗಡ್ಡೆಯು ಎಲ್ಲಿದೆಯೆಂಬುದನ್ನು ತಿಳಿಯುವುದಕ್ಕಾಗಿಯೇ ರೋಗಿಯು ಪ್ರಾಣವನ್ನು ಪಣವಾಗಿಡಬೇಕಾಗಿದ್ದ ಕಾಲವು ಕಳೆಯಿತು. ಆ ದಾರಿಯಲ್ಲಿ ನೋವುಂಡ, ಹೆಸರು ಉಳಿಯದ ರೋಗಿಗಳಿಗೂ ಈ ಕೀರ್ತಿಯಲ್ಲಿ ಸಮಪಾಲು ಸಲ್ಲತಕ್ಕದ್ದು.